ಕೊನೆ ಗಳಿಗೆಯ ಟಿಕೆಟ್: ಹಣ ಯಾವಾಗ ವಾಪಸ್ ಬರುತ್ತದೆ?

ಉಡುಪಿ ಜಿಲ್ಲೆಯ ಬಡಗು ಗಡಿಯಲ್ಲಿರುವ ಶಿರೂರಿನಲ್ಲಿ ಹೊರಗೆ ದುಡಿಯುವವರಿಲ್ಲದ ಮನೆ ಕಡಿಮೆ. ಒಬ್ಬರು ಬೆಂಗಳೂರಿನ ಹೋಟೆಲಿನಲ್ಲಿ, ಇನ್ನೊಬ್ಬರು ಮುಂಬಯಿಯಲ್ಲಿ, ಮತ್ತೊಬ್ಬರು ಕೊಲ್ಲಿ ದೇಶದಲ್ಲಿ. ಇವರ ಪ್ರಯಾಣ ತಿಂಗಳ ಮೊದಲೇ ನಿಶ್ಚಯವಾಗುವಂಥದ್ದಲ್ಲ. ತಂದೆಗೆ ಹುಷಾರಿಲ್ಲವೆಂಬ ಫೋನು ಬಂದಾಗ, ಧಣಿ ಇದ್ದಕ್ಕಿದ್ದಂತೆ ನಾಲ್ಕು ದಿನ ರಜೆ ಕೊಟ್ಟಾಗ ಹೊರಡಬೇಕು. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್ 1ಕ್ಕೆ ಮುಂಚೆ ಅದು 120 ದಿನವಿತ್ತು. ಆ ಸರದಿಯಲ್ಲಿ ನಿಲ್ಲಲು ಆಗದವರಿಗೆ ಉಳಿಯುವುದು ತತ್ಕಾಲ್.

ಗಾಡಿ ತನ್ನ ಮೊದಲ ನಿಲ್ದಾಣದಿಂದ ಹೊರಡುವ ಹಿಂದಿನ ದಿನ ಎ.ಸಿ. ದರ್ಜೆಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್ ಮೊದಲಾದವಕ್ಕೆ 11ಕ್ಕೆ ತತ್ಕಾಲ್ ತೆರೆಯುತ್ತದೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು. ಮೊದಲ ಅರ್ಧ ಗಂಟೆ ಏಜೆಂಟರು ಮಾಡುವಂತಿಲ್ಲ. ಮಾಮೂಲಿ ದರದ ಮೇಲೆ ಹೆಚ್ಚುವರಿ ಶುಲ್ಕವೂ ಇದೆ. ಇಷ್ಟೆಲ್ಲ ಮಾಡಿ ಸೀಟು ಖಾತ್ರಿಯಾದ ಮೇಲೆ ಮನಸ್ಸು ಬದಲಾದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದರ ಇನ್ನೊಂದು ಮಗ್ಗುಲು: ಮನಸ್ಸು ಬದಲಾದದ್ದು ಪ್ರಯಾಣಿಕರದಲ್ಲ, ಕೈಕೊಟ್ಟದ್ದು ಗಾಡಿಯೇ ಎಂದಾದರೆ ತತ್ಕಾಲ್‌ಗೂ ಪೂರ್ತಿ ಹಣ ಸಿಗುತ್ತದೆ.

ಈ ಎರಡನೆಯ ಮಾತು ನಮ್ಮ ಕರಾವಳಿಯವರಿಗೆ ಬೇರೆ ಯಾರಿಗಿಂತಲೂ ಹೆಚ್ಚು ಬೇಕಾದದ್ದು. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲುಮಾರ್ಗ ಘಟ್ಟದ ಕಾಲಬುಡದಲ್ಲಿ ಸುರಂಗ, ಕಣಿವೆ, ಹೊಳೆಗಳನ್ನು ದಾಟುತ್ತ ಸಾಗುತ್ತದೆ. ಮಳೆಗಾಲಕ್ಕೆ ಅದಕ್ಕೆ ಬೇರೆಯೇ ವೇಳಾಪಟ್ಟಿ. ಗಾಡಿಗಳ ವೇಗ ತಗ್ಗಿಸುತ್ತಾರೆ. 2024ರ ಜುಲೈ ಒಂದೇ ತಿಂಗಳನ್ನು ನೋಡಿ. ಗೋವಾದ ಪೆರ್ನೆಮ್ ಸುರಂಗದಲ್ಲಿ ನೀರು ಉಕ್ಕಿ ಮುಂಬಯಿ ಕಡೆಯ ಹಲವು ಗಾಡಿಗಳು ರದ್ದಾದವು, ಕೆಲವು ಬೇರೆ ಮಾರ್ಗ ಹಿಡಿದವು. 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು, ಜೀವಗಳು ಹೋದವು. ಆ ಶಿರೂರು ಬೇರೆ, ಬೈಂದೂರು ತಾಲೂಕಿನ ಈ ಶಿರೂರು ಬೇರೆ; ಆದರೆ ಎರಡಕ್ಕೂ ಹೆದ್ದಾರಿ ಒಂದೇ. 26ರಂದು ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಬೆಂಗಳೂರಿನಿಂದ ಮಂಗಳೂರು, ಕಾರವಾರ ಕಡೆಗೆ ಬರುವ ಗಾಡಿಗಳು ಹಲವು ದಿನ ನಿಂತವು.

ಇಂಥ ಸುದ್ದಿ ಟಿ.ವಿ.ಯಲ್ಲಿ ಬಂದ ಕೂಡಲೇ ಜನ ಮಾಡುವ ಮೊದಲ ಕೆಲಸ ಮೊಬೈಲ್ ತೆಗೆದು ಟಿಕೆಟ್ ಕ್ಯಾನ್ಸಲ್ ಮಾಡುವುದು. ದಯವಿಟ್ಟು ಹಾಗೆ ಮಾಡಬೇಡಿ. ನೀವಾಗಿ ಕ್ಯಾನ್ಸಲ್ ಮಾಡಿದರೆ ಕಾರಣ ಏನೇ ಇರಲಿ, ಲೆಕ್ಕದಲ್ಲಿ ಅದು ಪ್ರಯಾಣಿಕರೇ ಹಿಂದೆ ಸರಿದಂತೆ. ತತ್ಕಾಲ್ ಆಗಿದ್ದರೆ ಎಲ್ಲ ಹಣವೂ ಹೋಯಿತು. ಅದೇ ಗಾಡಿಯನ್ನು ಒಂದೆರಡು ಗಂಟೆ ಬಿಟ್ಟು ರೈಲ್ವೆಯೇ ರದ್ದು ಮಾಡಿದರೆ ಪೂರ್ತಿ ಟಿಕೆಟ್ ದರ ನೀವು ಕೇಳದೆಯೇ ಖಾತೆಗೆ ಬರುತ್ತಿತ್ತು. ಇ-ಟಿಕೆಟಿಗೆ ಅದು ತಾನಾಗಿ ನಡೆಯುವ ಕೆಲಸ. ಕೌಂಟರಿನಲ್ಲಿ ತೆಗೆದ ಕಾಗದದ ಟಿಕೆಟಾದರೆ ಗಾಡಿ ಹೊರಡಬೇಕಿದ್ದ ಹೊತ್ತಿನಿಂದ 72 ಗಂಟೆಯೊಳಗೆ ಕೌಂಟರಿಗೇ ಒಪ್ಪಿಸಿ ಹಣ ಪಡೆಯಬೇಕು. ಮಳೆಯ ಗಲಾಟೆಯಲ್ಲಿ ಈ ಮೂರು ದಿನ ಕಳೆದುಹೋಗುವುದು ಸುಲಭ.

ಗಾಡಿ ರದ್ದಾಗದೆ ತಡವಾದರೆ? ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗದಿರಲು ನಿರ್ಧರಿಸಿದರೆ ತತ್ಕಾಲ್‌ಗೂ ಪೂರ್ತಿ ಹಣ ಉಂಟು. ಅದಕ್ಕೆ ಒತ್ತಬೇಕಾದ್ದು ಕ್ಯಾನ್ಸಲ್ ಗುಂಡಿಯನ್ನಲ್ಲ. ಟಿಡಿಆರ್ ಎಂಬ ಅರ್ಜಿಯನ್ನು ಟಿಕೆಟ್ ಮಾಡಿದ ಜಾಲತಾಣದಲ್ಲೇ, ಗಾಡಿ ನಿಜವಾಗಿ ಹೊರಡುವ ಮೊದಲೇ ಹಾಕಬೇಕು. ಗಾಡಿ ಹೋದ ಮೇಲೆ ಹಾಕಿದರೆ ಫಲವಿಲ್ಲ.

ಇಲ್ಲಿ ನಮ್ಮ ಕಡೆಯವರು ಎಡವುವ ಜಾಗ ಇನ್ನೊಂದಿದೆ. ಶಿರೂರಿನವರು ದೂರದ ಗಾಡಿ ಹಿಡಿಯುವುದು ಸಾಮಾನ್ಯವಾಗಿ ಮೂಕಾಂಬಿಕಾ ರೋಡ್ ಬೈಂದೂರಿನಲ್ಲಿ ಅಥವಾ ಭಟ್ಕಳದಲ್ಲಿ. ಅಲ್ಲಿಂದ ಸೀಟು ಸಿಗದಾಗ ಮಂಗಳೂರಿನಿಂದ ಮುಂಬಯಿಗೆ ಟಿಕೆಟ್ ಮಾಡಿ, ಹತ್ತುವ ನಿಲ್ದಾಣ ಬೈಂದೂರು ಎಂದು ಹಾಕುತ್ತಾರೆ. ಜಾಣತನದ ಕೆಲಸವೇ ಸರಿ. ಆದರೆ ಮೂರು ಗಂಟೆಯ ತಡವನ್ನು ತತ್ಕಾಲ್ ನಿಯಮ ಅಳೆಯುವುದು ಟಿಕೆಟ್ ಶುರುವಾಗುವ ನಿಲ್ದಾಣದಲ್ಲಿ, ನೀವು ಹತ್ತುವ ನಿಲ್ದಾಣದಲ್ಲಲ್ಲ. ಮಂಗಳೂರಿನಿಂದ ಸರಿಯಾದ ಹೊತ್ತಿಗೆ ಹೊರಟ ಗಾಡಿ ನಡುದಾರಿಯಲ್ಲಿ ನಿಂತು ಬೈಂದೂರಿಗೆ ನಾಲ್ಕು ಗಂಟೆ ತಡವಾಗಿ ಬಂದರೂ ಈ ನಿಯಮದಡಿ ಹಣ ಕೇಳಲು ಬರುವುದಿಲ್ಲ. ಮಳೆ ಜೋರಿರುವ ವಾರದಲ್ಲಿ ಈ ಉಪಾಯ ಮಾಡುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಾರ್ಗ ಬದಲಾದಾಗಲೂ ಹಕ್ಕು ನಿಮ್ಮದೇ. ಕೊಂಕಣ ಮಾರ್ಗ ಮುಚ್ಚಿ ಗಾಡಿಯನ್ನು ಬೇರೆ ದಾರಿಯಲ್ಲಿ ಓಡಿಸಿದರೆ ಅದು ಬೈಂದೂರಿಗೆ ಬರುವುದೇ ಇಲ್ಲ. ನೀವು ಹತ್ತುವ ಅಥವಾ ಇಳಿಯುವ ನಿಲ್ದಾಣ ಹೊಸ ದಾರಿಯಲ್ಲಿಲ್ಲದಿದ್ದರೆ, ಅಥವಾ ಆ ಸುತ್ತುದಾರಿಯಲ್ಲಿ ಹೋಗಲು ನೀವು ಒಪ್ಪದಿದ್ದರೆ, ಟಿಡಿಆರ್ ಹಾಕಿ ಹಣ ಪಡೆಯಬಹುದು. ಗಾಡಿ ಬೇರೆ ದಾರಿಯಲ್ಲಾದರೂ ಓಡುತ್ತಿರುವುದರಿಂದ ವ್ಯವಸ್ಥೆ ಅದನ್ನು ರದ್ದೆಂದು ಎಣಿಸುವುದಿಲ್ಲ. ಹಣ ತಾನಾಗಿ ಬರುತ್ತದೆಂದು ಕಾದು ಕುಳಿತರೆ ಬರುವುದಿಲ್ಲ.

ಮನೆಮಂದಿಯೆಲ್ಲ ಒಟ್ಟಿಗೆ ಹೊರಟಾಗಿನ ನಿಯಮ ಒಂದನ್ನು ಹೇಳಲೇಬೇಕು. ಒಂದೇ ಟಿಕೆಟಿನಲ್ಲಿ ನಾಲ್ವರು, ಇಬ್ಬರಿಗೆ ಸೀಟು ಖಾತ್ರಿ, ಇಬ್ಬರು ವೇಟಿಂಗ್ ಲಿಸ್ಟ್. ಅಜ್ಜಿ, ಮೊಮ್ಮಗ ಇಬ್ಬರನ್ನೇ ಕಳಿಸಲಾದೀತೆ? ಗಾಡಿಯ ಹೊತ್ತಿಗಿಂತ 30 ನಿಮಿಷ ಮೊದಲು ನಾಲ್ವರ ಟಿಕೆಟನ್ನೂ ಒಟ್ಟಿಗೆ ಬಿಟ್ಟುಕೊಟ್ಟರೆ, ಖಾತ್ರಿಯಾದ ಇಬ್ಬರ ಹಣವೂ ಸಣ್ಣ ಶುಲ್ಕ ಕಳೆದು ವಾಪಸ್ ಬರುತ್ತದೆ. ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ ಆದ ಮೇಲೆ ತಾನಾಗಿ ರದ್ದಾಗುತ್ತದೆ.

ಇಲ್ಲಿ ಹೇಳಿದ್ದರ ಬಹುಪಾಲು 2015ರ ನವೆಂಬರ್ 12ರಂದು ಜಾರಿಗೆ ಬಂದ ಮರುಪಾವತಿ ನಿಯಮಾವಳಿಯದು. ಗಂಟೆಗಳೂ ಶುಲ್ಕಗಳೂ ಆಗಾಗ ಬದಲಾಗುತ್ತವೆ, ಕೆಲವು ಹೊಸ ಗಾಡಿಗಳಿಗೆ ಬೇರೆ ನಿಯಮವಿರಬಹುದು. ಟಿಕೆಟ್ ಮಾಡುವ ದಿನವೇ ಆ ಗಾಡಿಯ ನಿಯಮ ನೋಡಿಕೊಳ್ಳಿ, ಇಲ್ಲವೇ 139ಕ್ಕೆ ಫೋನ್ ಮಾಡಿ ಕೇಳಿ.

ವಿಮಾನಕ್ಕೂ ಇದೇ ಪ್ರಶ್ನೆ: ಹಿಂದೆ ಸರಿದವರು ಯಾರು? ಮಂಗಳೂರಿನ ಬಜಪೆ ನಿಲ್ದಾಣದಿಂದ ದುಬೈಗೆ ಹಿಂದಿನ ರಾತ್ರಿ ತೆಗೆದ ಅಗ್ಗದ ಟಿಕೆಟಿನಲ್ಲಿ ಹಣ ಮರಳಿಸುವುದಿಲ್ಲ ಎಂದು ಬರೆದಿರುತ್ತದೆ. ಹಾಗಿದ್ದರೂ ಅದರೊಳಗೆ ಸೇರಿದ ಸರಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಇವನ್ನು ಹಾರದ ಪ್ರಯಾಣಿಕರಿಗೆ ಮರಳಿಸಬೇಕೆಂಬುದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ. ಕೇಳದವರ ಪಾಲಿಗೆ ಅದು ಅಲ್ಲೇ ಉಳಿಯುತ್ತದೆ. ಮುಂಬಯಿಯಿಂದ ಹೊರಡುವ ವಿಹಾರ ನೌಕೆಗಳದು ಇನ್ನೂ ಬಿಗಿ: ಹೊರಡುವ ದಿನ ಹತ್ತಿರವಾದಷ್ಟೂ ಕಡಿತ ಏರುತ್ತ ಹೋಗಿ ಕೊನೆಯ ದಿನಗಳಲ್ಲಿ ಪೂರ್ತಿ ಮೊತ್ತಕ್ಕೆ ಮುಟ್ಟುವುದು ಸಾಮಾನ್ಯ. ಹವೆ ಕೆಟ್ಟು ಒಂದು ಬಂದರನ್ನು ಬಿಟ್ಟುಹೋದರೆ ಕರಾರಿನ ಪ್ರಕಾರ ಅದನ್ನು ರದ್ದತಿ ಎನ್ನುವುದಿಲ್ಲ. ಕರಾರು ಓದದೆ ಕೊನೆ ಗಳಿಗೆಯ ರಿಯಾಯಿತಿಗೆ ಕೈಹಾಕಬಾರದು. ಖಾಸಗಿ ಕಂಪನಿ ಕೊಡಬೇಕಾದ ಹಣ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು.

ಕೊನೆಯದಾಗಿ ಹಣ ಯಾರ ಕೈಗೆ ಬರುತ್ತದೆ ಎಂಬ ವಿಚಾರ. ಮರುಪಾವತಿ ಹೋಗುವುದು ಹಣ ಕಟ್ಟಿದ ಖಾತೆಗೆ. ಪೇಟೆಯ ಏಜೆಂಟರು ಮಾಡಿಕೊಟ್ಟ ಟಿಕೆಟಾದರೆ ಅದು ಮೊದಲು ಅವರ ಖಾತೆಗೆ ಸೇರುತ್ತದೆ. ರೈಲ್ವೆಯ ಟಿಕೆಟ್ ಸಂಸ್ಥೆ ಐಆರ್‌ಸಿಟಿಸಿ 2019ರಲ್ಲಿ ಅಧಿಕೃತ ಏಜೆಂಟರ ಟಿಕೆಟಿಗೆ ಒಟಿಪಿ ಪದ್ಧತಿ ತಂದಿದೆ: ಟಿಕೆಟ್ ರದ್ದಾದಾಗ ವಾಪಸ್ ಬರುವ ಮೊತ್ತವೂ ಒಟಿಪಿಯೂ ಪ್ರಯಾಣಿಕರ ಮೊಬೈಲಿಗೆ ಬರುತ್ತವೆ. ಏಜೆಂಟರು ತಮ್ಮದೇ ನಂಬರು ಹಾಕಿದ್ದರೆ ಆ ಸಂದೇಶ ನಿಮಗೆ ಕಾಣುವುದೇ ಇಲ್ಲ. ಟಿಕೆಟ್ ಮಾಡಿಸುವಾಗಲೇ ನಿಮ್ಮ ನಂಬರು ಬರೆಸಿ, ಮೆಸೇಜು ಬಂತೇ ಎಂದು ಅಂಗಡಿಯ ಎದುರೇ ನೋಡಿಕೊಳ್ಳಿ.