ಫಾರ್ಮ್ಯಾಟ್ ಮಾಡೋ ಮುಂಚೆ ಒಂದ್ನಿಮಿಷ: ಮನೆ ಕಂಪ್ಯೂಟರಿನ ವೈಫೈ ಕೈಕೊಟ್ಟಾಗ

ರಾತ್ರಿ ಒಂಬತ್ತೂವರೆ. ಮಾರನೇ ದಿನ ಇಂಟರ್ನಲ್ಸ್ ಇದ್ದದ್ದರಿಂದ ಹಾಸ್ಟೆಲ್ ರೂಮಿನಲ್ಲಿ ನಾವು ಮೂವರೂ ಓದುವವರ ಹಾಗೆ ಕೂತಿದ್ದೆವು. ಅಷ್ಟರಲ್ಲಿ ರೂಮ್‌ಮೇಟ್‌ಗೆ ಅವರಪ್ಪನಿಂದ ವಾಟ್ಸಾಪ್ ಕಾಲ್ ಬಂತು. ಅವನದು ಸಾಗರದ ಹತ್ತಿರದ ಒಂದು ಹಳ್ಳಿ, ಅಡಿಕೆ ತೋಟದ ಮನೆ.

"ಏನೋ, ನಿನ್ನೆ ಕರೆಂಟು ಹೋಗಿ ಬಂದಾಗಿಂದ ಕಂಪ್ಯೂಟರ್‌ಗೆ ವೈಫೈ ಬರ್ತಾನೇ ಇಲ್ಲ. ಪೇಟೆ ಅಂಗಡಿಯವರಿಗೆ ಫೋನ್ ಮಾಡಿದ್ದೆ. ವಿಂಡೋಸ್ ಹಾಳಾಗಿರತ್ತೆ, ತಂದ್ಕೊಡಿ, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ ಅಂದ್ರು. ಬೆಳಿಗ್ಗೆ ಬಸ್ಸಿಗೆ ತಗೊಂಡು ಹೋಗ್ಲಾ?"

ರೂಮ್‌ಮೇಟ್ ಮುಖ ಬಿಳಿಚಿಕೊಂಡಿತು. ಆ ಕಂಪ್ಯೂಟರಿನಲ್ಲಿ ಹತ್ತು ವರ್ಷದ ತೋಟದ ಲೆಕ್ಕ ಇದೆ, ಅಪ್ಪ ನುಡಿಯಲ್ಲಿ ಟೈಪ್ ಮಾಡಿಟ್ಟ ಕಾಗದಪತ್ರ ಇದೆ, ತೀರಿಹೋದ ಅಜ್ಜಿಯ ಹಳೇ ಫೋಟೋಗಳನ್ನ ಸ್ಕ್ಯಾನ್ ಮಾಡಿಟ್ಟದ್ದಿದೆ. ಎಲ್ಲವೂ ಡೆಸ್ಕ್‌ಟಾಪ್ ಮೇಲೆ, ಅಂದರೆ ಸಿ ಡ್ರೈವ್‌ನಲ್ಲಿ. ಬ್ಯಾಕಪ್? ಆ ಪದ ಮನೆಯಲ್ಲಿ ಯಾರೂ ಕೇಳಿಲ್ಲ. ಸಿ ಡ್ರೈವ್ ಫಾರ್ಮ್ಯಾಟ್ ಆದರೆ ಎಲ್ಲ ಖಾಲಿ.

"ಎಲ್ಲೂ ಒಯ್ಯಬೇಡಿ ಅಪ್ಪ, ಅರ್ಧ ಗಂಟೆ ಕೊಡಿ" ಅಂದ. ಪಿಯುಸಿ ಓದುತ್ತಿರುವ ಅವನ ತಂಗಿಯ ಕೈಗೆ ಫೋನ್ ಹೋಯಿತು. ಆ ಅರ್ಧ ಗಂಟೆ ಎರಡು ದಿನ ಆಯಿತು ಅನ್ನೋದು ಬೇರೆ ಮಾತು. ಅದರಲ್ಲಿ ಕಲಿತದ್ದನ್ನ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಕಾಲೇಜಿನಲ್ಲಿ ಓದುವ ಪ್ರತಿಯೊಬ್ಬರಿಗೂ ಊರಿಂದ ಇಂಥದೊಂದು ಫೋನ್ ಇವತ್ತಲ್ಲ ನಾಳೆ ಬಂದೇ ಬರುತ್ತೆ. ಸಿವಿಲ್‌ನವರಾದರೂ ಸರಿ, ಮೆಕ್ಯಾನಿಕಲ್‌ನವರಾದರೂ ಸರಿ, ಮನೆಯವರ ಲೆಕ್ಕದಲ್ಲಿ ಎಂಜಿನಿಯರಿಂಗ್ ಅಂದರೆ ಕಂಪ್ಯೂಟರ್ ರಿಪೇರಿ.

ನೀರು ಎಲ್ಲಿ ನಿಂತಿದೆ?

ತೋಟಕ್ಕೆ ನೀರು ಬರಲಿಲ್ಲ ಅಂದರೆ ಯಾರೂ ಸೀದಾ ಹೋಗಿ ಹೊಸ ಬೋರ್ ಕೊರೆಸಲ್ಲ. ಮೊದಲು ಕರೆಂಟ್ ಇದೆಯಾ ನೋಡ್ತಾರೆ, ಆಮೇಲೆ ಮೋಟರು, ಆಮೇಲೆ ಪೈಪು, ಕೊನೆಗೆ ಸ್ಪ್ರಿಂಕ್ಲರ್ ಬಾಯಲ್ಲಿ ಕಸ ಕೂತಿದೆಯಾ ಅಂತ. ವೈಫೈ ವಿಷಯವೂ ಇಷ್ಟೇ. ಇಂಟರ್ನೆಟ್ ಕಂಪನಿಯಿಂದ ರೌಟರ್, ರೌಟರ್‌ನಿಂದ ಗಾಳಿಯಲ್ಲಿ ರೇಡಿಯೋ ಅಲೆ, ಆ ಅಲೆ ಹಿಡಿಯುವ ಅಡಾಪ್ಟರ್, ಅಡಾಪ್ಟರ್ ಜತೆ ಮಾತಾಡುವ ಡ್ರೈವರ್, ಅದರ ಮೇಲೆ ಐಪಿ ವಿಳಾಸ, ಅದರ ಮೇಲೆ ಡಿಎನ್‌ಎಸ್, ತುತ್ತತುದಿಯಲ್ಲಿ ಬ್ರೌಸರ್. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮನೆಯವರಿಗೆ ಕಾಣೋದು ಒಂದೇ: "ನೆಟ್ ಬರ್ತಿಲ್ಲ".

ಓಎಸ್‌ಐ ಮಾಡೆಲ್‌ನ ಏಳು ಪದರಗಳನ್ನ ಬಾಯಿಪಾಠ ಮಾಡಿ, ಹತ್ತು ಮಾರ್ಕಿಗೆ ಬರೆದು, ಮರೆತು ಬಂದವರು ನಾವು. ಅದು ಪರೀಕ್ಷೆಗಿಂತ ಇಂಥ ಹೊತ್ತಿಗೆ ಹೆಚ್ಚು ಉಪಯೋಗಕ್ಕೆ ಬರುತ್ತೆ ಅಂತ ಅವತ್ತು ರಾತ್ರಿ ಗೊತ್ತಾಯಿತು. ಕೆಳಗಿನ ಪದರ ಸರಿಯಿದೆ ಅಂತ ಖಾತ್ರಿಯಾಗದೆ ಮೇಲಿನದನ್ನ ಮುಟ್ಟಬಾರದು. ಇಡೀ ಲೇಖನದ ಸಾರ ಇದೇ.

ಸೊನ್ನೆಯನೇ ಹೆಜ್ಜೆ: ಮೊದಲು ಫೈಲ್ ಉಳಿಸಿ

ಕಂಪ್ಯೂಟರ್ ಆನ್ ಆಗುತ್ತಿದೆ, ಫೈಲ್ ತೆರೆಯುತ್ತಿದೆ ಅಂದರೆ ಮೊದಲು ನಕಲು ಮಾಡಿಕೊಳ್ಳಿ. ಅದಕ್ಕೆ ನೆಟ್ ಬೇಕಾಗಿಲ್ಲ. ನಮ್ಮ ರೂಮ್‌ಮೇಟ್ ಹಿಂದಿನ ರಜೆಯಲ್ಲಿ ಸಿನಿಮಾ ತುಂಬಿಸಿಕೊಂಡು ಹೋಗಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮನೆಯಲ್ಲೇ ಬಿದ್ದಿತ್ತು. ತಂಗಿ ಅದನ್ನ ಕಂಪ್ಯೂಟರಿನ ಹಿಂಭಾಗದ ನೀಲಿ ಯುಎಸ್‌ಬಿ ಪೋರ್ಟಿಗೆ ಚುಚ್ಚಿ, ಎಲ್ಲ ಫೋಲ್ಡರ್ ಕಾಪಿ ಮಾಡಲು ಹಾಕಿದಳು. ನಾವು ಮುಂದಿನ ತನಿಖೆ ಶುರು ಮಾಡಿದೆವು. ಈ ನೀಲಿ ಪೋರ್ಟನ್ನ ನೆನಪಲ್ಲಿಟ್ಟುಕೊಳ್ಳಿ.

ಮೊದಲ ಪ್ರಶ್ನೆ: ತಪ್ಪು ಕಂಪ್ಯೂಟರಿನದೇನಾ?

ಇದಕ್ಕೆ ಫೋನೇ ಸಾಕ್ಷಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈನಲ್ಲಿ ಏನಾದರೂ ತೆರೆದು ನೋಡಿ. ತೆರೆದರೆ ಕಂಪನಿಯ ಲೈನು, ರೌಟರ್ ಎರಡೂ ಸರಿ. ತೆರೆಯದಿದ್ದರೆ ಕಂಪ್ಯೂಟರ್ ಬಿಟ್ಟು ರೌಟರ್ ಹತ್ತಿರ ಹೋಗಿ. ನಮ್ಮ ವಿಷಯದಲ್ಲಿ ಈ ಪರೀಕ್ಷೆಯೇ ಬೇಕಾಗಲಿಲ್ಲ. ಅವರ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗಲ್ಲ, ಆ ಕರೆ ಬಂದದ್ದೇ ವೈಫೈ ಮೇಲೆ.

ಎರಡನೇ ಪ್ರಶ್ನೆ: ಅಡಾಪ್ಟರ್ ಕಂಪ್ಯೂಟರಿಗೆ ಕಾಣ್ತಿದೆಯಾ?

ಲ್ಯಾಪ್‌ಟಾಪ್‌ನಲ್ಲಿ ವೈಫೈ ಅಡಾಪ್ಟರ್ ಒಳಗೇ ಇರುತ್ತೆ. ಮನೆಯ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಹಿಂದೆ ಚುಚ್ಚಿದ ಹೆಬ್ಬೆಟ್ಟಿನ ಉಗುರಿನಷ್ಟು ಯುಎಸ್‌ಬಿ ಡಾಂಗಲ್, ಇಲ್ಲವೇ ಆಂಟೆನಾ ಇರುವ ಕಾರ್ಡ್. ವಿಂಡೋಸ್ 10 ಅಥವಾ 11ರಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಅನ್ನೋ ಸಾಲು ಬಿಡಿಸಿ. ಅಲ್ಲಿ ಮೂರರಲ್ಲಿ ಒಂದು ಕಾಣುತ್ತೆ.

ಒಂದು, ಹೆಸರಿದೆ, ಪಕ್ಕದಲ್ಲಿ ಯಾವ ಗುರುತೂ ಇಲ್ಲ. ಹಾಗಿದ್ದರೆ ಅಡಾಪ್ಟರ್, ಡ್ರೈವರ್ ಎರಡೂ ಮೇಲ್ನೋಟಕ್ಕೆ ಸರಿ; ಮುಂದಿನ ಪ್ರಶ್ನೆಗೆ ಹೋಗಿ.

ಎರಡು, ಹೆಸರಿದೆ, ಆದರೆ ಹಳದಿ ತ್ರಿಕೋನವೋ ಕೆಳಮುಖದ ಬಾಣವೋ ಇದೆ. ಡಬಲ್ ಕ್ಲಿಕ್ ಮಾಡಿದರೆ ಒಂದು ಕೋಡ್ ತೋರಿಸುತ್ತೆ. ಕೋಡ್ 22 ಅಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿದರೆ ಮುಗೀತು. ಕೋಡ್ 28 ಅಂದರೆ ಡ್ರೈವರ್ ಇಲ್ಲ. ಕೋಡ್ 10 ಅಂದರೆ ಸಾಧನ ಶುರುವಾಗುತ್ತಿಲ್ಲ. ಕೋಡ್ 43 ಅಂದರೆ ಸಾಧನವೇ ತೊಂದರೆ ಇದೆ ಅಂತ ಹೇಳಿದ್ದಕ್ಕೆ ವಿಂಡೋಸ್ ಅದನ್ನ ನಿಲ್ಲಿಸಿದೆ. ವಿಂಡೋಸ್ ಅಪ್‌ಡೇಟ್ ಆದಮೇಲೆ ಕೆಟ್ಟಿದ್ದರೆ, ಅಲ್ಲೇ ಡ್ರೈವರ್ ಟ್ಯಾಬ್‌ನಲ್ಲಿರುವ ರೋಲ್ ಬ್ಯಾಕ್ ಒತ್ತಿ ಹಳೇ ಡ್ರೈವರ್‌ಗೆ ವಾಪಸ್ ಹೋಗಬಹುದು.

ಮೂರು, ಹೆಸರೇ ಇಲ್ಲ.

"ಅಣ್ಣ, ಇಲ್ಲಿ ಲ್ಯಾನ್ ಕೇಬಲ್‌ದು ಒಂದು ಹೆಸರಿದೆ. ವೈಫೈ ಅಂತ ಎಲ್ಲೂ ಇಲ್ಲ" ಅಂದಳು ತಂಗಿ.

ಇದು ಮುಖ್ಯವಾದ ಸುಳಿವು. ಡ್ರೈವರ್ ಇಲ್ಲದಿದ್ದರೂ ವಿಂಡೋಸ್ "ಯಾವುದೋ ಗೊತ್ತಿಲ್ಲದ ಸಾಧನ" ಅಂತಲಾದರೂ ತೋರಿಸುತ್ತೆ. ಏನೂ ಇಲ್ಲ ಅಂದರೆ ಸಾಧನದ ಸುದ್ದಿ ವಿಂಡೋಸ್‌ವರೆಗೆ ಬಂದೇ ಇಲ್ಲ. ಹಾಗಾದರೆ ತಪ್ಪು ಡಾಂಗಲ್‌ನಲ್ಲಿರಬೇಕು, ಇಲ್ಲವೇ ಅದು ಕೂತಿರುವ ಪೋರ್ಟಿನಲ್ಲಿ. ಎರಡನ್ನೂ ಅದಲು ಬದಲು ಮಾಡಿದರೆ ಗೊತ್ತಾಗುತ್ತೆ.

"ಪುಟ್ಟಿ, ಡಾಂಗಲ್ ಕಿತ್ತು ಬೇರೆ ಪೋರ್ಟಿಗೆ ಹಾಕು. ಅದಿದ್ದ ಜಾಗಕ್ಕೆ ಮೌಸ್ ಚುಚ್ಚು."

ಟಿಂಗ್ ಅಂತ ಶಬ್ದ ಬಂತು, ವೈಫೈ ಹೆಸರು ಪ್ರತ್ಯಕ್ಷ. ಹಳೇ ಪೋರ್ಟಿನಲ್ಲಿ ಮೌಸಿನ ಕೆಂಪು ದೀಪವೇ ಹತ್ತಲಿಲ್ಲ. ಡಾಂಗಲ್ ಚೆನ್ನಾಗಿದೆ, ವಿಂಡೋಸ್ ಚೆನ್ನಾಗಿದೆ, ಸತ್ತಿರೋದು ಒಂದು ಯುಎಸ್‌ಬಿ ಪೋರ್ಟು. ಫಾರ್ಮ್ಯಾಟ್ ಮಾಡಿಸಿದ್ದರೆ ಅಜ್ಜಿಯ ಫೋಟೋ ಹೋಗುತ್ತಿತ್ತು, ಪೋರ್ಟ್ ಮಾತ್ರ ಸತ್ತೇ ಇರುತ್ತಿತ್ತು.

ಡ್ರೈವರ್ ಬೇಕು, ಡ್ರೈವರ್ ತರಲು ನೆಟ್ ಬೇಕು

ನಮಗೆ ಡ್ರೈವರ್ ಸಮಸ್ಯೆ ಬರಲಿಲ್ಲ. ನಿಮಗೆ ಬಂದರೆ ಈ ಕೋಳಿ-ಮೊಟ್ಟೆ ಕಥೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ದಾರಿ ಸುಲಭ. ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನು ವೈಫೈನಲ್ಲಿದ್ದರೆ ಆ ವೈಫೈಯನ್ನೇ ಕೇಬಲ್ ಮೂಲಕ ಕಂಪ್ಯೂಟರಿಗೆ ದಾಟಿಸುತ್ತೆ. ಬರೀ ಚಾರ್ಜಿಂಗ್‌ಗೆ ಅಂತ ಬರುವ ಅಗ್ಗದ ಕೇಬಲ್‌ಗಳಲ್ಲಿ ಇದು ಆಗಲ್ಲ. ಡ್ರೈವರನ್ನ ಅಡಾಪ್ಟರ್ ಅಥವಾ ಕಂಪ್ಯೂಟರ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. "ಎಲ್ಲ ಡ್ರೈವರೂ ಒಂದೇ ಕ್ಲಿಕ್‌ನಲ್ಲಿ" ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಇನ್ನೊಂದು ತಮಾಷೆ ಇದೆ. ಕೆಲವು ಡಾಂಗಲ್‌ಗಳು ಚುಚ್ಚಿದಾಗ ಮೊದಲು ಸಿಡಿ ಡ್ರೈವ್ ವೇಷದಲ್ಲಿ ಬರುತ್ತವೆ. ಆ ಡ್ರೈವ್ ಒಳಗೇ ಡ್ರೈವರ್ ಇರುತ್ತೆ, ಅದನ್ನ ಹಾಕಿದ ಮೇಲೆ ವೈಫೈ ರೂಪ ತಾಳುತ್ತವೆ. "ವೈಫೈ ಚುಚ್ಚಿದ್ರೆ ಸಿಡಿ ಬರ್ತಿದೆ" ಅಂತ ಯಾರಾದರೂ ಹೇಳಿದರೆ ನಗಬೇಡಿ, ಅವರು ನಿಜವನ್ನೇ ಹೇಳ್ತಿದ್ದಾರೆ.

ಮೂರನೇ ಪ್ರಶ್ನೆ: ಮನೆಯ ವೈಫೈ ಪಟ್ಟಿಯಲ್ಲಿ ಕಾಣ್ತಿದೆಯಾ?

ಪಕ್ಕದ ಮನೆಯದು ಕಾಣುತ್ತೆ, ನಮ್ಮದು ಕಾಣಲ್ಲ ಅಂದರೆ ಬ್ಯಾಂಡ್ ನೋಡಿ. ಹಳೇ ಡಾಂಗಲ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಹೊಸ ರೌಟರ್‌ಗಳು 5 ಗಿಗಾಹರ್ಟ್ಸ್‌ನಲ್ಲೂ ಬಿತ್ತರಿಸುತ್ತವೆ, ಆ ಹೆಸರು ಹಳೇ ಡಾಂಗಲ್‌ಗೆ ಎಂದೂ ಕಾಣಲ್ಲ. ಹೆಸರು ಕಂಡು ಪಾಸ್‌ವರ್ಡ್ ಒಪ್ಪದಿದ್ದರೆ, ಉಳಿಸಿಟ್ಟ ನೆಟ್‌ವರ್ಕನ್ನ ಫರ್ಗೆಟ್ ಮಾಡಿ ಮತ್ತೆ ಜೋಡಿಸಿ.

ನಾಲ್ಕನೇ ಪ್ರಶ್ನೆ: ಕನೆಕ್ಟೆಡ್ ಅಂತಿದೆ, ಆದರೆ ಏನೂ ತೆರೆಯಲ್ಲ?

ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಕೊಡಿ. ವೈಫೈ ಸಾಲಿನಲ್ಲಿ ವಿಳಾಸ 169.254 ಅಂತ ಶುರುವಾಗಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನ ಇಟ್ಟುಕೊಂಡಿದೆ ಅಂತ ಅರ್ಥ. ರೌಟರ್ ಆಫ್ ಮಾಡಿ ಆನ್ ಮಾಡಿ, ಮತ್ತೆ ಜೋಡಿಸಿ. ವಿಳಾಸ ಸರಿಯಿದ್ದರೆ ಅಲ್ಲೇ ಡೀಫಾಲ್ಟ್ ಗೇಟ್‌ವೇ ಅಂತ ಕಾಣುವ ಅಂಕಿಗೆ ಪಿಂಗ್ ಮಾಡಿ. ಉತ್ತರ ಬಂದರೆ ರೌಟರ್‌ವರೆಗಿನ ದಾರಿ ಸರಿ. ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ. ಅದಕ್ಕೂ ಉತ್ತರ ಬಂದು, ತಾಣಗಳ ಹೆಸರು ಹಾಕಿದರೆ ಮಾತ್ರ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್ ಕಡೆ ನೋಡಿ.

ಹಳೇ ಡೆಸ್ಕ್‌ಟಾಪ್ ಆದರೆ ಮೂಲೆಯ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ. ಆಗ ತಾಣಗಳ ಭದ್ರತಾ ಪ್ರಮಾಣಪತ್ರಗಳನ್ನ ಬ್ರೌಸರ್ ಒಪ್ಪಲ್ಲ. ಹೊಸ ಸಿಆರ್2032 ಬ್ಯಾಟರಿ ಹಾಕಿ ತಾರೀಖು ಸರಿ ಮಾಡಿದರೆ ಆಯಿತು.

ಐದನೇ ಪ್ರಶ್ನೆ: ಬರುತ್ತೆ, ಹೋಗುತ್ತೆ, ಬರುತ್ತೆ

ಇಲ್ಲಿಗೆ ನಮ್ಮ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ವೈಫೈ ಬಂತು ಅಂತ ಖುಷಿಪಡುವಷ್ಟರಲ್ಲಿ "ಅಣ್ಣ, ಮತ್ತೆ ಹೋಯ್ತು!" ಎರಡು ನಿಮಿಷ ಬರೋದು, ಹೋಗೋದು.

ನಾವು ಜಾಣರು. ಡಿವೈಸ್ ಮ್ಯಾನೇಜರ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನ ಆಫ್ ಮಾಡಲು ಕಂಪ್ಯೂಟರಿಗೆ ಬಿಡಿ ಅನ್ನೋ ಟಿಕ್ ಇರುತ್ತೆ. ಅದನ್ನ ತೆಗೆಸಿದೆವು. ಸ್ವಲ್ಪ ಹೊತ್ತಿಗೆ ವೈಫೈ ಗಟ್ಟಿಯಾಗಿ ನಿಂತಿತು. ಬೆನ್ನು ತಟ್ಟಿಕೊಂಡು ಮಲಗಿದೆವು. ಇಂಟರ್ನಲ್ಸ್ ಏನಾಯಿತು ಕೇಳಬೇಡಿ.

ಮರುದಿನ ಸಂಜೆ ಮತ್ತೆ ಫೋನ್. "ಸಿನಿಮಾ ನೋಡಕ್ಕೆ ಅಂತ ಹಾರ್ಡ್ ಡಿಸ್ಕ್ ಹಾಕ್ದೆ ಅಣ್ಣ. ವೈಫೈ ಮತ್ತೆ ಹೋಗ್ತಿದೆ."

ಆಗ ಬಲ್ಬ್ ಹತ್ತಿತು. ಹಿಂದಿನ ರಾತ್ರಿ ವೈಫೈ ನಿಂತದ್ದು ನಾವು ಟಿಕ್ ತೆಗೆದದ್ದಕ್ಕಲ್ಲ. ಅದೇ ಹೊತ್ತಿಗೆ ಫೈಲ್ ಕಾಪಿ ಮುಗಿದಿತ್ತು! ನೀಲಿ ಪೋರ್ಟ್ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಸಂಕೇತ ಓಡುವಾಗ ಪೋರ್ಟ್, ಕೇಬಲ್, ಡಿಸ್ಕ್‌ನಿಂದ ರೇಡಿಯೋ ಗದ್ದಲ ಸೋರುತ್ತೆ. ಆ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡಿರುತ್ತೆ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ಒಂದು ವರದಿ ಪ್ರಕಟಿಸಿದೆ. ನಮ್ಮ ಡಾಂಗಲ್ ಕೂತಿದ್ದದ್ದು ಆ ನೀಲಿ ಪೋರ್ಟಿಗೆ ಒತ್ತಿಕೊಂಡೇ. ಜಾತ್ರೆಯ ಮೈಕಿನ ಪಕ್ಕ ಕೂತು ಪಿಸುಮಾತು ಕೇಳಿಸಿಕೊಳ್ಳುವ ಹಾಗೆ. ಜತೆಗೆ ರೌಟರ್ ಇರೋದು ಜಗಲಿಯಲ್ಲಿ, ಡಾಂಗಲ್ ಇರೋದು ಕಬ್ಬಿಣದ ಕ್ಯಾಬಿನೆಟ್ಟಿನ ಬೆನ್ನಿಗೆ.

"ಡಿಸ್ಕ್ ತೆಗಿ, ಐದು ನಿಮಿಷ ನೋಡು. ಮತ್ತೆ ಹಾಕು, ಐದು ನಿಮಿಷ ನೋಡು. ಬೇರೇನೂ ಮುಟ್ಟಬೇಡ" ಅಂದೆವು. ಮೂರು ಸಲವೂ ಡಿಸ್ಕ್ ಕೆಲಸ ಮಾಡುವಾಗ ವೈಫೈ ಹೋಯಿತು, ತೆಗೆದಾಗ ಬಂತು. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತರಿಸಿ, ಡಾಂಗಲನ್ನ ಕ್ಯಾಬಿನೆಟ್ಟಿನಿಂದ ದೂರ, ಮೇಜಿನ ಮೇಲೆ ತಂದಿಟ್ಟರು. ಅಲ್ಲಿಂದ ಇಲ್ಲಿವರೆಗೆ ತೊಂದರೆ ಇಲ್ಲ. ಕೇಬಲ್ ಸಿಗದಿದ್ದರೆ ಡಿಸ್ಕನ್ನ ಮುಂಭಾಗದ ಕಪ್ಪು ಪೋರ್ಟಿಗೆ ಹಾಕಬಹುದು, ನಿಧಾನವಾಗುತ್ತೆ ಅಷ್ಟೇ. ಎರಡೂ ಬ್ಯಾಂಡ್ ಹಿಡಿಯುವ ಅಡಾಪ್ಟರ್ ಇದ್ದರೆ 5 ಗಿಗಾಹರ್ಟ್ಸ್‌ಗೆ ಜೋಡಿಸಿಕೊಳ್ಳಬಹುದು.

ನಾವು ಕಲಿತದ್ದು

ಒಂದು ಸಲಕ್ಕೆ ಒಂದೇ ಬದಲಾವಣೆ. ಟಿಕ್ ತೆಗೆದಾಗಲೇ ಕಾಪಿಯೂ ಮುಗಿದದ್ದರಿಂದ ನಾವು ಮೋಸಹೋದೆವು. ಸರಿಹೋಯಿತು ಅನಿಸಿದಾಗ ಹಳೇ ಸ್ಥಿತಿಗೆ ತಂದು ಮತ್ತೆ ಕೆಡುತ್ತಾ ಅಂತ ನೋಡಬೇಕು. ಬೇಕಂದಾಗ ಕೆಡಿಸಕ್ಕೂ ಬಂದರೆ ಮಾತ್ರ ಕಾರಣ ಸಿಕ್ಕಿದೆ ಅಂತ ಲೆಕ್ಕ.

ನೆಟ್‌ವರ್ಕ್ ರೀಸೆಟ್‌ನಂಥ ದೊಡ್ಡ ಮದ್ದು ಕೊನೆಗೆ. ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಹೋಗುತ್ತವೆ. ಡಾಂಗಲ್ ಬೇರೆ ಕಂಪ್ಯೂಟರಿನಲ್ಲೂ ಕಾಣದಿದ್ದರೆ ಅದು ಸತ್ತಿದೆ, ಹೊಸದು ತನ್ನಿ. ಫಾರ್ಮ್ಯಾಟ್ ಅನ್ನೋ ಮಾತು ಬರಬೇಕಾದರೆ ಇಷ್ಟೂ ದಾಟಿರಬೇಕು, ಅದಕ್ಕೂ ಮುಂಚೆ ಫೈಲ್‌ಗಳು ಇನ್ನೊಂದು ಕಡೆ ಇರಬೇಕು.

ಮೊನ್ನೆ ರೂಮ್‌ಮೇಟ್ ಅಪ್ಪ ಮತ್ತೆ ಫೋನ್ ಮಾಡಿದ್ದರು. ಪಕ್ಕದ ಮನೆಯಲ್ಲಿ ಪ್ರಿಂಟರ್ ಕೆಲಸ ಮಾಡ್ತಿಲ್ಲವಂತೆ. "ನೀವು ಓದ್ಕೊಳ್ಳಿ, ಪುಟ್ಟಿ ಹೋಗಿ ನೋಡ್ತಿದಾಳೆ" ಅಂದರು.

ಈ ಸಲ ರಜೆಗೆ ಊರಿಗೆ ಹೋದಾಗ ವೈಫೈ ಸರಿಯಿದ್ದರೂ ಒಂದು ಕೆಲಸ ಮಾಡಿ. ಮನೆಯ ಕಂಪ್ಯೂಟರಿನ ಫೋಟೋಗಳನ್ನ ಒಂದು ಡಿಸ್ಕಿಗೆ ಹಾಕಿಟ್ಟು ಬನ್ನಿ.