ಖಾಲಿ ಕೊಟ್ಟಿಗೆಯಲ್ಲಿ ಕಾರ್ಯಾಗಾರ: ನಡುಗೋಡೆಯೇ ಮುಖ್ಯ

ದನಕರುಗಳಿಲ್ಲವಾದ ಮೇಲೆ ಕರಾವಳಿ ಹಾಗೂ ಮಲೆನಾಡಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ಕೊಟ್ಟಿಗೆ ಮಾತ್ರ ಉಳಿದಿದೆ. ಕಟ್ಟಿಗೆ, ತೆಂಗಿನ ಗರಿ, ಹಳೆಯ ಸೈಕಲ್ಲು ತುಂಬಿಕೊಂಡಿರುವ ಈ ಕಟ್ಟಡವನ್ನು ಮರಗೆಲಸದ ಕಾರ್ಯಾಗಾರವನ್ನಾಗಿ ಮಾರ್ಪಡಿಸಿ, ಅದರಲ್ಲಿಯೇ ಮನೆಮಂದಿಯ ಹೊಲಿಗೆ, ಚಿತ್ರಕಲೆ, ಸಂಗೀತಾಭ್ಯಾಸಗಳಿಗೂ ಸ್ಥಳ ಕಲ್ಪಿಸುವ ಆಲೋಚನೆ ಆಕರ್ಷಕವಾದದ್ದೇ. ಆದರೆ ಗರಗಸವನ್ನೂ ಮಗುವಿನ ಬಣ್ಣದ ಪೆಟ್ಟಿಗೆಯನ್ನೂ ಅಕ್ಕಪಕ್ಕದಲ್ಲಿ ಇರಿಸುವುದು ಕೇವಲ ಸ್ಥಳ ಹಂಚಿಕೆಯ ಪ್ರಶ್ನೆಯಲ್ಲ. ಅದು ಶ್ವಾಸಕೋಶ, ಕಿವಿ ಹಾಗೂ ಬೆರಳುಗಳ ಪ್ರಶ್ನೆಯೂ ಹೌದು. ಮಾಡು ಒಂದೇ ಆಗಿರಬಹುದು. ಗಾಳಿ ಒಂದೇ ಆಗಿರಕೂಡದು. ಯೋಜನೆ ಇಲ್ಲಿಂದಲೇ ಆರಂಭವಾಗಬೇಕು.

ಕೊಟ್ಟಿಗೆಯ ಹಳೆಯ ಗುಣ

ಕೊಟ್ಟಿಗೆಯ ನೆಲ ಗಂಜಳ ಹರಿದುಹೋಗಲೆಂದು ಇಳಿಜಾರಾಗಿ ಮಾಡಿದ್ದು. ಅದರ ಮೇಲೆ ಯಂತ್ರ ಸಮನಾಗಿ ನಿಲ್ಲದು, ಅಲುಗುವ ಯಂತ್ರ ಅಪಾಯಕಾರಿ. ಆದ್ದರಿಂದ ನೆಲವನ್ನು ಸುತ್ತಲಿನ ಅಂಗಳಕ್ಕಿಂತ ಕನಿಷ್ಠ ಒಂದೂವರೆ ಅಡಿ ಎತ್ತರಿಸಿ, ಕಾಂಕ್ರೀಟು ಹಾಸಿ ಸಮತಟ್ಟು ಮಾಡಿಸುವುದು ಮೊದಲ ಕೆಲಸ. ವರ್ಷಾನುಗಟ್ಟಲೆ ಗಂಜಳ ಕುಡಿದ ಗೋಡೆಯ ಕೆಳಭಾಗದಲ್ಲಿ ಲವಣಗಳು ಸೇರಿಕೊಂಡಿದ್ದು, ಅವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಅಂತಹ ಗಾರೆಯನ್ನು ಕೆತ್ತಿ ತೆಗೆಯದೆ ಬಣ್ಣ ಬಳಿದರೆ ಬಣ್ಣ ಉದುರುತ್ತದೆ, ಗೋಡೆಗೆ ತೂಗುಹಾಕಿದ ಉಳಿ, ಗರಗಸಗಳಿಗೆ ತುಕ್ಕು ಹಿಡಿಯುತ್ತದೆ.

ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಗಾಳಿಮಳೆ ಬಡಿಯುವುದು ಪಶ್ಚಿಮ ಹಾಗೂ ನೈಋತ್ಯ ದಿಕ್ಕುಗಳಿಂದ. ಆ ಬದಿಯಲ್ಲಿ ದೊಡ್ಡ ಬಾಗಿಲು ಬೇಡ. ಸೂರು ಮೂರು ಅಡಿಯಾದರೂ ಹೊರಚಾಚಿರಲಿ. ಉತ್ತರದ ಕಿಟಕಿಯಿಂದ ಬರುವ ಬೆಳಕು ದಿನವಿಡೀ ಹೆಚ್ಚು ಏರುಪೇರಿಲ್ಲದೆ ಇರುವುದರಿಂದ ಮರಗೆಲಸಕ್ಕೂ ಚಿತ್ರ ಬಿಡಿಸುವುದಕ್ಕೂ ಅನುಕೂಲ.

ಅಳತೆಯ ಲೆಕ್ಕಾಚಾರ

ಹನ್ನೆರಡು ಅಡಿ ಅಗಲ, 24 ಅಡಿ ಉದ್ದದ ಕಟ್ಟಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿ 14 ಅಡಿ ಯಂತ್ರಗಳಿಗೂ ಉಳಿದ 10 ಅಡಿ ಕುಟುಂಬದ ಹವ್ಯಾಸಗಳಿಗೂ ಮೀಸಲು ಎಂದಿಟ್ಟುಕೊಳ್ಳೋಣ. ಪ್ಲೈವುಡ್ ಹಾಳೆಯ ಸಾಮಾನ್ಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ. ಮೇಜಿಗೆ ಅಳವಡಿಸಿದ ವಿದ್ಯುತ್ ಗರಗಸದಲ್ಲಿ ಅದನ್ನು ಉದ್ದಕ್ಕೆ ಸೀಳಬೇಕಾದರೆ ಗರಗಸದ ಮುಂದೆ 8 ಅಡಿ, ಹಿಂದೆ 8 ಅಡಿ ತೆರವಾಗಿರಬೇಕು. ಹದಿನಾಲ್ಕು ಅಡಿಯ ಕೋಣೆಯಲ್ಲಿ ಇದು ಅಸಾಧ್ಯ. ಗರಗಸವನ್ನು ಹೊರಬಾಗಿಲಿಗೆ ನೇರವಾಗಿ ಇರಿಸಿದರೆ ಹಲಗೆಯ ತುದಿ ಬಾಗಿಲಿನ ಮೂಲಕ ಜಗಲಿಗೆ ಚಾಚುತ್ತದೆ. ಹೀಗೆ ಬಾಗಿಲಿನ ಜಾಗವನ್ನು ಸರಿಯಾಗಿ ಗುರುತಿಸಿದರೆ ಕೋಣೆಯನ್ನು ದೊಡ್ಡದು ಮಾಡುವ ಖರ್ಚು ತಪ್ಪುತ್ತದೆ. ಹಳೆಯ ಕೊಟ್ಟಿಗೆಗಳ ಮಾಡು ತಗ್ಗಾಗಿರುವುದರಿಂದ 8 ಅಡಿಯ ಹಾಳೆಯನ್ನು ನಿಲ್ಲಿಸಿ ತಿರುಗಿಸಲು ಸಾಧ್ಯವೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು.

ಹುಡಿ, ಗದ್ದಲ ಮತ್ತು ನಡುಗೋಡೆ

ಮರದ ಹುಡಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಹುಡಿಯ ನಡುವೆ ದುಡಿದವರಲ್ಲಿ ಮೂಗಿನ ಕ್ಯಾನ್ಸರ್ ಕಂಡುಬಂದದ್ದು ಇದಕ್ಕೆ ಆಧಾರ. ವಾರಕ್ಕೊಮ್ಮೆ ಕೆಲಸ ಮಾಡುವವರಿಗೆ ಅಷ್ಟು ಭಯ ಬೇಡವಾದರೂ, ಕಣ್ಣಿಗೆ ಕಾಣದಷ್ಟು ನುಣುಪಾದ ಹುಡಿ ಯಂತ್ರ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಹೆಂಚಿನ ಮನೆಗಳಲ್ಲಿ ಒಳಗೋಡೆಗಳನ್ನು ಸಾಮಾನ್ಯವಾಗಿ ತೊಲೆಯ ಮಟ್ಟಕ್ಕೆ ನಿಲ್ಲಿಸುವುದು ರೂಢಿ. ಮೇಲಿನ ತೆರವಿನಲ್ಲಿ ಗಾಳಿ ಎಲ್ಲ ಕೋಣೆಗಳಿಗೂ ಆಡುತ್ತದೆ. ಕಾರ್ಯಾಗಾರದಲ್ಲಿ ಈ ರೂಢಿಯೇ ದೋಷವಾಗುತ್ತದೆ. ಈಚೆ ಬದಿ ಎದ್ದ ಹುಡಿ ಗೋಡೆಯ ಮೇಲಿನಿಂದ ದಾಟಿ ಆಚೆ ಬದಿಯ ಹೊಲಿಗೆ ಬಟ್ಟೆಯ ಮೇಲೂ ಮಗುವಿನ ಉಸಿರಿನೊಳಗೂ ಇಳಿಯುತ್ತದೆ. ಆದ್ದರಿಂದ ನಡುಗೋಡೆ ಹೆಂಚಿನವರೆಗೂ ಏರಬೇಕು, ಸಂದುಗಳನ್ನು ಮುಚ್ಚಬೇಕು. ಎರಡು ಕೋಣೆಗಳ ನಡುವೆ ಬಾಗಿಲು ಇಡದೆ ಪ್ರತಿಯೊಂದಕ್ಕೂ ಜಗಲಿಯಿಂದಲೇ ಬೇರೆ ಬಾಗಿಲು ಇಡುವುದು ಉತ್ತಮ. ಮಕ್ಕಳು ಕಣ್ಣಳತೆಯಲ್ಲಿ ಇರಬೇಕೆಂದಾದರೆ ನಡುಗೋಡೆಗೆ ತೆರೆಯಲಾಗದ ದಪ್ಪ ಗಾಜಿನ ಕಿಟಕಿಯೊಂದು ಸಾಕು. ಹಗಲಿನ ಗಾಳಿ ಪಶ್ಚಿಮದಿಂದ ಬೀಸುವ ಕಡೆಗಳಲ್ಲಿ ಯಂತ್ರಗಳ ಕೋಣೆ ಪೂರ್ವಕ್ಕಿರಲಿ. ಮನೆಯೇ ಪೂರ್ವಕ್ಕಿದ್ದಲ್ಲಿ ಹುಡಿ ಹೊರಹಾಕುವ ಫ್ಯಾನನ್ನು ಉತ್ತರಕ್ಕೆ ತಿರುಗಿಸುವುದು ಲೇಸು.

ಗದ್ದಲದ ವಿಷಯವೂ ಕಡೆಗಣಿಸುವಂಥದ್ದಲ್ಲ. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗೆ. ವಿದ್ಯುತ್ ಗರಗಸದ ಸದ್ದು ಅದರ ಬಳಿ ನಿಂತವರಿಗೆ 100 ಡೆಸಿಬಲ್‌ವರೆಗೂ ಹೋಗಬಲ್ಲದು. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆಯ ಸೂಚನೆಯಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದಾದರೆ, 100 ಡೆಸಿಬಲ್‌ಗೆ ದೊರೆಯುವುದು ಬರೇ 15 ನಿಮಿಷ. ಚಿರೆಕಲ್ಲಿನ ದಪ್ಪ ಗೋಡೆ ಸದ್ದನ್ನು ಬಹುಮಟ್ಟಿಗೆ ತಡೆಯುತ್ತದೆ, ತಗಡು ತಡೆಯದು.

ಕರೆಂಟು ಹೋಗಿ ಬಂದಾಗ

ಎರಡು ಅಶ್ವಶಕ್ತಿಯ ಮೋಟರು ಸುಮಾರು 1,500 ವಾಟ್ ಕೆಲಸ ಮಾಡುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ತು ಹಲವು ಪಟ್ಟು ಹೆಚ್ಚು. ಮನೆಯ ದೀಪದ ತಂತಿಯಿಂದ ಇದಕ್ಕೆ ಸಂಪರ್ಕ ಕೊಡುವುದು ಬೆಂಕಿಗೆ ಆಹ್ವಾನ ನೀಡಿದಂತೆ. ಮುಖ್ಯ ಫಲಕದಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಗೂ ಸಮರ್ಪಕ ಅರ್ಥಿಂಗ್ ಅವಶ್ಯ. ಈ ಕೆಲಸವನ್ನು ಪರವಾನಗಿ ಹೊಂದಿದ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಕರೆಂಟು ಹೋದಾಗ ಸ್ವಿಚ್ಚು ಆರಿಸಲು ಮರೆತರೆ, ಮರಳಿ ಬಂದೊಡನೆ ಗರಗಸ ತಾನಾಗಿಯೇ ತಿರುಗತೊಡಗುತ್ತದೆ. ಆ ಹೊತ್ತಿನಲ್ಲಿ ಅದರ ಬಳಿ ಮಗುವಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಿಲ್ಲ. ತೋಟದ ಪಂಪ್‌ಸೆಟ್ಟಿನಲ್ಲಿರುವಂತೆ ಹಸಿರು, ಕೆಂಪು ಗುಂಡಿಗಳ ಸ್ಟಾರ್ಟರ್ ಅಳವಡಿಸಿದರೆ, ಗುಂಡಿ ಒತ್ತದ ಹೊರತು ಯಂತ್ರ ಮತ್ತೆ ಓಡದು. ಆದರೆ ಪಂಪ್‌ಸೆಟ್ಟಿಗೆ ಹಾಕುವ ಸ್ವಯಂಚಾಲಿತ ಸಾಧನವನ್ನು ಮಾತ್ರ ಇಲ್ಲಿ ಸೇರಿಸಲೇಬಾರದು. ಬೀಗ ಹಾಕಬಹುದಾದ ಮುಖ್ಯ ಸ್ವಿಚ್ಚು, ಅದರ ಕೀಲಿ ಹಿರಿಯರ ಬಳಿ: ಇದು ಮನೆಯ ನಿಯಮವಾಗಲಿ.

ಮೆರುಗಿಗೆ ಬಳಸುವ ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಬಿಡಿಸಿ ಒಣಗಿಸಬೇಕು. ಥಿನ್ನರ್ ಡಬ್ಬಿಗಳನ್ನು ಕಬ್ಬಿಣದ ಕಪಾಟಿನಲ್ಲಿಡಬೇಕು.

ಪರವಾನಗಿ ಮತ್ತು ಪಾಲು

ಹೊಸ ಕಟ್ಟಡಕ್ಕೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಜಾಗ ದಾಖಲೆಯಲ್ಲಿ ಕೃಷಿಭೂಮಿಯೆಂದಿದ್ದಲ್ಲಿ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆಯ ವಿಚಾರವನ್ನು ಕಂದಾಯ ಕಚೇರಿಯಲ್ಲಿ ಮೊದಲೇ ತಿಳಿದುಕೊಳ್ಳಬೇಕು. ಮಾಡಿದ ವಸ್ತುಗಳನ್ನು ಮಾರತೊಡಗಿದರೆ ಅದು ಬರೇ ಹವ್ಯಾಸವಾಗಿ ಉಳಿಯದು. ಆಗ ವಿದ್ಯುತ್ ಮೀಟರಿನ ವರ್ಗವೂ ಬದಲಾಗಬೇಕಾದೀತು.

ಹಣ ಕಡಿಮೆಯಿದ್ದಲ್ಲಿ ನೆಲ, ನಡುಗೋಡೆ, ವಿದ್ಯುತ್ ಸಂಪರ್ಕಗಳಿಗೆ ಆದ್ಯತೆ ಇರಲಿ. ಯಂತ್ರಗಳನ್ನು ಒಂದೊಂದಾಗಿ ಕೊಳ್ಳಬಹುದು, ಕಟ್ಟಿದ ಗೋಡೆಯನ್ನು ಸರಿಸಲಾಗದು.

ಹೆಚ್ಚಿನ ಮನೆಗಳಲ್ಲಿ ಹೊಲಿಗೆ ಯಂತ್ರ ಮಂಚದ ಬದಿಗೋ ಅಡುಗೆಕೋಣೆಯ ಮೂಲೆಗೋ ಸೇರಿರುತ್ತದೆ. ಕಾರ್ಯಾಗಾರ ಕಟ್ಟುವ ಉತ್ಸಾಹದಲ್ಲಿ ಅದು ಮತ್ತೊಮ್ಮೆ ಮೂಲೆ ಸೇರದಿರಲು ಸುಲಭದ ಉಪಾಯವೊಂದಿದೆ. ಕಲ್ಲು ತರಿಸುವ ಮುನ್ನ ಅಂಗಳದಲ್ಲಿ ಸುಣ್ಣದ ಹುಡಿಯಿಂದ ಪೂರ್ಣ ಅಳತೆಯ ನಕ್ಷೆ ಎಳೆದು, ಯಂತ್ರಗಳ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳನ್ನಿಟ್ಟು, ಮನೆಯವರೆಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕುಳಿತು ನೋಡಬೇಕು. ಯಾರಿಗಾದರೂ ಜಾಗ ಸಾಲದಿದ್ದರೆ ಸುಣ್ಣದ ಗೆರೆಯನ್ನು ಅಳಿಸಿ ಬರೆಯಲು ಕಾಲಿನ ಒಂದು ಸವರು ಸಾಕು.