ಯಾರಿಗೆ ಯಾವ ತರಬೇತಿ?

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಆರೋಗ್ಯ ಶಿಕ್ಷಣದ ಹೆಸರಿನಲ್ಲಿ ಮಹಾನಗರಗಳಲ್ಲಿ ನಡೆಯುವ ಹಲವು ಕಾರ್ಯಕ್ರಮಗಳನ್ನು ಕಂಡಾಗ ಈ ಗಾದೆ ನೆನಪಿಗೆ ಬಾರದಿರದು. ಭಾನುವಾರ ಬೆಳಿಗ್ಗೆ ಸಭಾಭವನದಲ್ಲಿ ತಜ್ಞರೊಬ್ಬರ ಉಪನ್ಯಾಸ ಏರ್ಪಡುತ್ತದೆ. ಅದನ್ನು ಕೇಳಲು ಬರುವವರು ಬಹುಮಟ್ಟಿಗೆ ವಿದ್ಯಾವಂತರು, ಪತ್ರಿಕೆ ಓದುವವರು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವವರು. ಅದೇ ಹೊತ್ತಿನಲ್ಲಿ ಬೀದಿಯಾಚೆಯ ಹೋಟೆಲಿನಲ್ಲಿ ದೋಸೆಯ ಕಾವಲಿಗೆ ಕೈ ತಗಲಿಸಿಕೊಂಡ ಕೆಲಸಗಾರ ಸುಟ್ಟ ಜಾಗಕ್ಕೆ ಹಲ್ಲುಜ್ಜುವ ಪೇಸ್ಟನ್ನು ಮೆತ್ತಿಕೊಂಡು ಮತ್ತೆ ಒಲೆಯ ಮುಂದೆ ನಿಲ್ಲುತ್ತಾನೆ. ಉಪನ್ಯಾಸ ಯಾರಿಗೆ ಬೇಕಿತ್ತೋ ಅವರನ್ನು ತಲುಪಲಿಲ್ಲ. ಯಾರನ್ನು ತಲುಪಿತೋ ಅವರಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ.

ಇದು ವಕ್ತಾರರ ದೋಷವಲ್ಲ, ಸಂಘಟಕರ ಸದುದ್ದೇಶದ ಕೊರತೆಯೂ ಅಲ್ಲ. ಕಲಿಸುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಹೋದದ್ದರ ಫಲ. ವೈದ್ಯನು ನಾಡಿ ನೋಡಿ ಔಷಧ ಬರೆಯುವಂತೆ, ಕಲಿಸುವವನೂ ಕಲಿಯುವವನ ಅಗತ್ಯವನ್ನು ಮೊದಲು ಅರಿಯಬೇಕು.

ಕೊರತೆ ಎಲ್ಲಿದೆ?

ಒಬ್ಬ ಕೆಲಸಗಾರ ಮಾಡಬೇಕಾದದ್ದನ್ನು ಮಾಡುತ್ತಿಲ್ಲವೆಂದರೆ ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರಬಹುದು. ಒಂದು, ಅವನಿಗೆ ತಿಳಿದಿಲ್ಲ. ಎರಡು, ತಿಳಿದಿದೆ, ಆದರೆ ಕೈಗೆ ಬಳಕೆಯಿಲ್ಲ. ಮೂರು, ತಿಳಿದಿದೆ, ಕೈಗೂ ಬಳಕೆಯಿದೆ, ಆದರೆ ಅನುಕೂಲವಿಲ್ಲ. ನಾಲ್ಕು, ಎಲ್ಲವೂ ಇದೆ, ಆದರೆ ಅದರಲ್ಲಿ ನಂಬಿಕೆಯಿಲ್ಲ. ಮೊದಲನೆಯದಕ್ಕೆ ಉಪನ್ಯಾಸ ಸಾಕು. ಎರಡನೆಯದಕ್ಕೆ ಅಭ್ಯಾಸ ಬೇಕು. ಮೂರನೆಯದಕ್ಕೆ ತರಬೇತಿಯಿಂದ ಪ್ರಯೋಜನವೇ ಇಲ್ಲ, ನಲ್ಲಿ, ಸಾಬೂನು, ಸಮಯ ಇವುಗಳನ್ನು ಒದಗಿಸಬೇಕು. ನಾಲ್ಕನೆಯದಕ್ಕೆ ಕಣ್ಣಾರೆ ಕಾಣುವ ಪ್ರಮಾಣ ಬೇಕು. ಈ ನಾಲ್ಕನ್ನೂ ಒಂದೇ ಎಂದು ಭಾವಿಸಿ ಎಲ್ಲಕ್ಕೂ ಉಪನ್ಯಾಸವನ್ನೇ ಮದ್ದೆಂದು ಕೊಡುವುದು ನಮ್ಮ ರೂಢಿಯಾಗಿಬಿಟ್ಟಿದೆ.

ಬಾಂಗ್ಲಾದೇಶದ ಪಾಠ

ಈ ಮಾತಿಗೆ ನೆರೆಯ ಬಾಂಗ್ಲಾದೇಶದಲ್ಲಿ ಉತ್ತಮ ನಿದರ್ಶನವೊಂದಿದೆ. ೧೯೭೧ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ, ಡಾ. ದಿಲೀಪ್ ಮಹಲನಬಿಸ್ ಅವರು ನೀರು, ಉಪ್ಪು, ಗ್ಲೂಕೋಸುಗಳ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಅಸಂಖ್ಯ ಪ್ರಾಣಗಳನ್ನುಳಿಸಿದರು. ಈ ಸುಲಭೋಪಾಯವನ್ನು ಮನೆಮನೆಗೆ ಮುಟ್ಟಿಸಲು ೧೯೮೦ರಲ್ಲಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಮುಂದಾಯಿತು. ಮಹಿಳಾ ಕಾರ್ಯಕರ್ತೆಯರು ಹಳ್ಳಿಹಳ್ಳಿಗೆ ನಡೆದು, ಉಪ್ಪು ಮತ್ತು ಬೆಲ್ಲದಿಂದ ದ್ರಾವಣ ಮಾಡುವ ಕ್ರಮವನ್ನು ತಾಯಂದಿರಿಗೆ ಒಬ್ಬೊಬ್ಬರಾಗಿ ಕಲಿಸಿದರು. ಅಳತೆಗೆ ಚಮಚವಿಲ್ಲದ ಮನೆಗಳಿದ್ದುದರಿಂದ ಬೆರಳ ತುದಿಯ ಚಿಟಿಕೆ ಮತ್ತು ಹಿಡಿಗಳೇ ಅಳತೆಯಾದವು. ಓದು ಬಾರದವರಿಗೆಂದು ಪಾಠವನ್ನು ಬಾಯಿಪಾಠವಾಗುವ ಕೆಲವೇ ಅಂಶಗಳಿಗೆ ಇಳಿಸಲಾಯಿತು. ಕೆಲ ದಿನಗಳ ನಂತರ ಬೇರೊಬ್ಬರು ಹೋಗಿ ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ಕಲಿತಿದ್ದಾಳೆಂಬುದರ ಮೇಲೆ ಕಲಿಸಿದವಳ ಸಂಭಾವನೆ ನಿರ್ಧಾರವಾಗುತ್ತಿತ್ತು.

ಆದರೂ ಆರಂಭದಲ್ಲಿ ಒಂದು ವಿಚಿತ್ರ ಕಂಡುಬಂತು. ತಾಯಂದಿರಿಗೆ ವಿಧಾನ ಚೆನ್ನಾಗಿ ತಿಳಿದಿತ್ತು, ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಬಳಸಿದವರು ಬಹಳ ಕಡಿಮೆ. ವಿಚಾರಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಕಲಿಸಲು ಹೋದ ಕಾರ್ಯಕರ್ತೆಯರಲ್ಲೇ ಅನೇಕರಿಗೆ ದ್ರಾವಣದ ಗುಣದಲ್ಲಿ ವಿಶ್ವಾಸವಿರಲಿಲ್ಲ; ಮನೆಯ ಗಂಡಸರಿಗಂತೂ ಯಾರೂ ಏನನ್ನೂ ಹೇಳಿರಲೇ ಇಲ್ಲ. ಆಮೇಲೆ ಕಾರ್ಯಕರ್ತೆಯರಿಗೆ ದ್ರಾವಣ ದೇಹದಲ್ಲಿ ಕೆಲಸ ಮಾಡುವ ಬಗೆಯನ್ನು ಮನಗಾಣಿಸಲಾಯಿತು. ಗಂಡಸರಿಗಾಗಿ ಸಂತೆ, ಮಸೀದಿ, ಶಾಲೆಗಳಲ್ಲಿ ಸಭೆಗಳು ನಡೆದವು. ೧೯೯೦ರ ಹೊತ್ತಿಗೆ ಸುಮಾರು ೧ ಕೋಟಿ ೨೦ ಲಕ್ಷ ಮನೆಗಳಿಗೆ ಈ ಪಾಠ ಮುಟ್ಟಿತ್ತು. ತಾಯಿಗೆ ಬೇಕಾದದ್ದು ಕೈಚಳಕ, ಕಾರ್ಯಕರ್ತೆಗೆ ಬೇಕಾದದ್ದು ನಂಬಿಕೆ, ತಂದೆಗೆ ಬೇಕಾದದ್ದು ಮಾಹಿತಿ. ವಿಷಯವೊಂದೇ, ಆದರೆ ಅಗತ್ಯಗಳು ಮೂರು. (ಇಂದು ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಕದಡುವುದು ಮನೆಯ ಅಳತೆಗಿಂತ ಕ್ಷೇಮಕರ.)

ಅಡಿಗೆಮನೆಯ ಕೆಲಸಗಾರರು

ಈಗ ನಮ್ಮ ಸುತ್ತಣ ಜನರನ್ನು ಈ ದೃಷ್ಟಿಯಿಂದ ನೋಡೋಣ. ಮುಂಬಯಿಯ ಕನ್ನಡಿಗರ ಬಾಳಿನಲ್ಲಿ ಹೋಟೆಲು ಉದ್ಯಮಕ್ಕಿರುವ ಸ್ಥಾನವನ್ನು ಹೇಳಬೇಕಾಗಿಲ್ಲ. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹುಡುಗರು ಮುಂದೆ ಹೋಟೆಲಿನ ಮಾಲೀಕರಾದುದೂ, ವಕೀಲರಾದುದೂ ಉಂಟು. ಆ ರಾತ್ರಿಶಾಲೆಗಳನ್ನು ತೆರೆದ ಹಿರಿಯರು ಕಲಿಯುವವನ ಅನುಕೂಲವನ್ನು ಮೊದಲು ನೋಡಿದರು. ಹಗಲಿನಲ್ಲಿ ಬಿಡುವಿಲ್ಲದವನಿಗೆ ಇರುಳಿನಲ್ಲಿ ಪಾಠವಿಟ್ಟರು. ಅಗತ್ಯವನ್ನು ಅಳೆಯುವ ವಿದ್ಯೆ ನಮಗೆ ಹೊಸದೇನಲ್ಲವೆಂಬುದಕ್ಕೆ ಇದೇ ಸಾಕ್ಷಿ.

೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಅನ್ವಯ ಸ್ಥಾಪಿತವಾದ ಪ್ರಾಧಿಕಾರವು ೨೦೧೭ರಲ್ಲಿ ಆಹಾರ ತಯಾರಕರಿಗಾಗಿ ತರಬೇತಿ ಯೋಜನೆಯೊಂದನ್ನು ಆರಂಭಿಸಿತು. ಪ್ರತಿ ೨೫ ಮಂದಿ ಕೆಲಸಗಾರರಿಗೆ ತರಬೇತಿ ಹೊಂದಿದ ಒಬ್ಬ ಮೇಲ್ವಿಚಾರಕನಾದರೂ ಇರಬೇಕೆಂಬುದು ಅದರ ಆಶಯ. ಆದರೆ ಮೇಲ್ವಿಚಾರಕನು ಕಲಿತದ್ದು ಮೋರಿಯ ಬಳಿ ನಿಂತವನವರೆಗೆ ಇಳಿಯಬೇಕಲ್ಲವೆ? ಅಡಿಗೆ ಭಟ್ಟನಿಗೆ ತಿಳಿಯಬೇಕಾದದ್ದು ಅನ್ನದ ವಿಚಾರ. ಬೇಯಿಸಿದ ಅನ್ನವನ್ನು ಬೆಚ್ಚಗೆ ಹೊರಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣು ಅದರಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲದು. ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದಿರಬಹುದು. ಆದ್ದರಿಂದ ಸಿದ್ಧವಾದ ಆಹಾರ ಒಂದೋ ೬೦ ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾಗಿರಬೇಕು, ಇಲ್ಲವೆ ೫ ಡಿಗ್ರಿಗಿಂತ ತಣ್ಣಗಿರಬೇಕು. ಕ್ಲೀನರನಿಗೆ ಬೇಕಾದದ್ದು ಈ ಶಾಸ್ತ್ರವಲ್ಲ. ಸಾಬೂನು, ಒಣ ಬಟ್ಟೆ ಮತ್ತು ಕೈತೊಳೆಯಲು ಅರ್ಧ ನಿಮಿಷದ ಬಿಡುವು. ಸುಟ್ಟ ಗಾಯವನ್ನು ೨೦ ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕೆಂಬುದು ಎಲ್ಲರಿಗೂ ತಿಳಿಯಬೇಕು; ಆದರೆ ಅಷ್ಟು ಹೊತ್ತು ಕೆಲಸ ಬಿಡಲು ಗಲ್ಲಾದ ಮೇಲೆ ಕುಳಿತವರ ಅನುಮತಿ ಬೇಕು. ಹೀಗಾಗಿ ಇಲ್ಲಿ ಮೊದಲ ಪಾಠ ಮಾಲೀಕನಿಗೆ.

ಇನ್ನೊಂದು ಮಾತು. ನಮ್ಮ ಹೋಟೆಲುಗಳ ಒಳಗೆ ಇಂದು ಕರಾವಳಿಯ ಹುಡುಗರೊಡನೆ ಒಡಿಶಾ, ಬಂಗಾಳ, ನೇಪಾಳಗಳಿಂದ ಬಂದವರೂ ದುಡಿಯುತ್ತಿದ್ದಾರೆ. ಗೋಡೆಯ ಮೇಲಿನ ಕನ್ನಡದ ಸೂಚನಾಫಲಕ ಅವರಿಗೆ ಬರಿಯ ಅಲಂಕಾರ. ಊರು ಬಿಟ್ಟು ಬಂದು ಪರಭಾಷೆಯ ನಡುವೆ ತಡವರಿಸಿದ ಅನುಭವವುಳ್ಳ ನಾವೇ ಇದನ್ನು ಮರೆಯಬಾರದು.

ರೋಗಿಯ ಮಗ್ಗುಲಲ್ಲಿರುವವರು

ವೃದ್ಧ ತಂದೆತಾಯಿಯರನ್ನು ನಗರಕ್ಕೆ ಕರೆತಂದು ಸಾಕುವ ಮನೆಗಳು ನಮ್ಮಲ್ಲಿ ಬಹಳ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳಿಗೆ ರೋಗದ ಹೆಸರಿಗಿಂತ ಮುಖ್ಯವಾದದ್ದು ಕೈಕೆಲಸ: ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ತನ್ನ ಬೆನ್ನಿಗೆ ನೋವಾಗದಂತೆ ರೋಗಿಯನ್ನು ಎತ್ತುವುದು, ಬೆನ್ನುಹುಣ್ಣಿನ ಮೊದಲ ಕೆಂಪನ್ನು ಗುರುತಿಸುವುದು. ಮನೆಯವರಿಗೆ ಬೇಕಾದದ್ದು ತೀರ್ಮಾನದ ಶಕ್ತಿ. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಬಲಗುಂದುವುದು, ಮಾತು ತೊದಲುವುದು ಇವು ಪಾರ್ಶ್ವವಾಯುವಿನ ಲಕ್ಷಣಗಳು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. "ಮಲಗಲಿ, ನಾಳೆ ನೋಡೋಣ" ಎಂಬ ಒಂದು ಮಾತಿನ ಬೆಲೆ ಅವರ ಉಳಿದ ಆಯುಷ್ಯದ ನಡಿಗೆಯಾಗಬಹುದು.

ಕೈ ಕಲಿಯುವ ವಿದ್ಯೆ

ಗ್ರಾಮಗಳಲ್ಲಿ ೨೦೦೫ರಿಂದೀಚೆಗೆ ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರಿಗೆ ಮೊದಲ ವರ್ಷದಲ್ಲಿ ೨೩ ದಿನಗಳ ತರಬೇತಿಯನ್ನು ಗೊತ್ತುಮಾಡಲಾಗಿತ್ತು. ನವಜಾತ ಶಿಶುವಿನ ಉಸಿರು ನಿಮಿಷಕ್ಕೆ ೬೦ ಅಥವಾ ಹೆಚ್ಚಿದ್ದರೆ ಅಪಾಯವೆಂಬುದನ್ನು ಯಾರೂ ಒಂದು ಕ್ಷಣದಲ್ಲಿ ಕಲಿಯಬಹುದು; ಅಳುವ, ಒದೆಯುವ ಮಗುವಿನ ಎದೆಯನ್ನು ನೋಡುತ್ತ ಒಂದು ನಿಮಿಷ ತಪ್ಪಿಲ್ಲದೆ ಎಣಿಸಲು ಮಾತ್ರ ಅಭ್ಯಾಸವೇ ಬೇಕು. ನಮ್ಮ ವಸತಿ ಸಂಕೀರ್ಣಗಳ ಕಾವಲುಗಾರರು, ಚಾಲಕರು, ಸಂಘದ ಸ್ವಯಂಸೇವಕರು ಕಲಿಯಬೇಕಾದ ಹೃದಯ ಪುನಶ್ಚೇತನ ಕ್ರಿಯೆಯೂ ಇಂಥದೇ. ಹೃದಯ ನಿಂತವನ ಎದೆಯ ನಡುವೆ ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ಸುಮಾರು ೫ ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂದು ಓದಿದವನ ಕೈ ಆ ಗಳಿಗೆಯಲ್ಲಿ ನಡುಗುತ್ತದೆ. ಬೊಂಬೆಯ ಮೇಲೆ ಒತ್ತಿ ಕಲಿತವನ ಕೈ ತಾನಾಗಿ ಮುಂದಾಗುತ್ತದೆ. ಹಾಗೆ ಕಲಿತದ್ದೂ ಕೆಲವೇ ತಿಂಗಳುಗಳಲ್ಲಿ ಮಾಸತೊಡಗುವುದರಿಂದ ಪುನರಭ್ಯಾಸ ಅವಶ್ಯ. ಮಕ್ಕಳಿಗಾದರೋ ಇಷ್ಟು ಭಾರ ಬೇಡ. ೧೧೨ಕ್ಕೆ ಕರೆ ಮಾಡಿ ಮನೆಯ ವಿಳಾಸವನ್ನು ಸ್ಥಳೀಯ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಬಲ್ಲ ಹತ್ತು ವರ್ಷದ ಮಗು ಅಜ್ಜನ ಪ್ರಾಣವನ್ನು ಉಳಿಸಬಲ್ಲದು.

ಸಂಘಗಳು ಏನು ಮಾಡಬಹುದು?

ಇದಕ್ಕೆ ದೊಡ್ಡ ಹಣವಾಗಲಿ ಪಂಡಿತರ ಸಮಿತಿಯಾಗಲಿ ಬೇಕಿಲ್ಲ. ಶಿಬಿರಕ್ಕೆ ಎರಡು ತಿಂಗಳು ಮೊದಲು ಇಬ್ಬರು ಮೂವರು ಸದಸ್ಯರು ಕೆಲಸದ ಜಾಗಕ್ಕೇ ಹೋಗಿ ಒಂದು ಗಂಟೆ ಸುಮ್ಮನೆ ನೋಡಲಿ. ಆಮೇಲೆ ಕೆಲಸಗಾರರನ್ನು ಪ್ರತ್ಯೇಕವಾಗಿಯೂ, ಯಜಮಾನರನ್ನು ಪ್ರತ್ಯೇಕವಾಗಿಯೂ ಮಾತನಾಡಿಸಲಿ. ಯಜಮಾನರೆದುರು ಯಾವ ಕೆಲಸಗಾರನೂ ಸಾಬೂನಿಲ್ಲವೆಂದು ಹೇಳಲಾರ. ಯಾವ ಭಾಷೆ, ಯಾವ ಹೊತ್ತು, ಓದು ಎಷ್ಟು ಎಂಬುದನ್ನು ಬರೆದುಕೊಳ್ಳಲಿ. ಏನು ಗೊತ್ತು ಎಂದು ಕೇಳುವುದಕ್ಕಿಂತ ಮಾಡಿ ತೋರಿಸು ಎಂದು ಕೇಳಲಿ. ತರಬೇತಿಯಾದ ಮೂರು ತಿಂಗಳಿಗೆ ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ, ಬದಲಾದದ್ದೇನೆಂದು ನೋಡಲಿ. ಎಷ್ಟು ಜನ ಬಂದರೆಂಬುದು ವರದಿಗೆ ಶೋಭೆ ತರಬಹುದು; ಎಷ್ಟು ಜನರ ಕೈ ಕಲಿತಿತೆಂಬುದೇ ನಿಜವಾದ ಲೆಕ್ಕ.

ಬರುವ ವರ್ಷದ ಆರೋಗ್ಯ ಶಿಬಿರದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ವಕ್ತಾರರು ಯಾರೆಂಬ ಪ್ರಶ್ನೆ ಹೇಗೂ ಚರ್ಚೆಗೆ ಬರುತ್ತದೆ. ಕೇಳುವವರು ಯಾರು, ಅವರಿಗೆ ಬೇಕಾದದ್ದೇನು ಎಂಬ ಪ್ರಶ್ನೆಯೂ ಅದರ ಜೊತೆಗೆ, ಸಾಧ್ಯವಾದರೆ ಅದಕ್ಕಿಂತ ಮೊದಲೇ, ಚರ್ಚೆಗೆ ಬರಲೆಂದು ಹಾರೈಸೋಣ.